ಹನ್ನೊಂದು ಸೆಂಟಿಮೀಟರ್ ಹೊಸ್ತಿಲು ಮತ್ತು ನಮ್ಮ ಫೋರ್ಕ್‌ಲಿಫ್ಟು

ನಾಲ್ಕು ಜನ ದೊಡ್ಡ ಮನುಷ್ಯರು ಸೇರಿ ಒಂದು ಯಂತ್ರ ಕೊಳ್ಳಲು ಹೊರಟರೆ, ಯಂತ್ರವೊಂದನ್ನು ಬಿಟ್ಟು ಉಳಿದ ಎಲ್ಲದರ ಬಗ್ಗೆ ಮಾತಾಗುತ್ತದೆ. ನಮ್ಮ ಕಡೆ ಇದು ವರ್ಷಕ್ಕೊಂದು ಸಲವಾದರೂ ನಡೆದೇ ನಡೆಯುತ್ತದೆ. ಒಂದು ವರ್ಷ ತೂಕದ ಯಂತ್ರ, ಒಂದು ವರ್ಷ ಸಭೆಗೆ ಮೈಕು, ಈ ಸಲ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟು. ಕೇಳಿದವರೆಲ್ಲ ನಕ್ಕಿದ್ದಾರೆ. ನಗಲಿ. ನಾನು ಬರೆಯುತ್ತಿರುವುದು ಕೋಪದಿಂದ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆದರೆ ನಗು ಬರುತ್ತದೆ, ಅದಕ್ಕೆ ನಾನೇನು ಮಾಡಲಿ?

ಮೊದಲು ವಿಷಯ ಸರಿಯಾಗಿ ಹೇಳಿಬಿಡುತ್ತೇನೆ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಗುಂಡ್ಲುಪೇಟೆಯ ಹೊರಗೆ ಅರಿಶಿಣ ಬೆಳೆಗಾರರ ಸಂಘದ ಒಂದು ಗೋಡೌನಿದೆ. ಅಲ್ಲಿ ಮೂಟೆ ಎತ್ತುವ ಹಳೆಯ ಡೀಸೆಲ್ ಫೋರ್ಕ್‌ಲಿಫ್ಟನ್ನು ಓಡಿಸುತ್ತಿದ್ದವನು ನನ್ನ ತಮ್ಮ. ಆ ಗೋಡೌನಿನ ಬಾಗಿಲಿಗೆ ಅಡ್ಡಲಾಗಿ ಒಂದು ಕಲ್ಲಿನ ಹೊಸ್ತಿಲಿತ್ತು. ಎತ್ತರ ಹನ್ನೊಂದು ಸೆಂಟಿಮೀಟರು. ಗಾಡಿ ಅದನ್ನು ಹತ್ತಲಿ ಅಂತ ಒಂದು ಮರದ ಹಲಗೆಯನ್ನು ಓರೆಯಾಗಿ ಇಡುತ್ತಿದ್ದರು. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಆ ಹಲಗೆ ಜಾರಿತು. ಒಂದು ಚಕ್ರ ಮೇಲೆ ಉಳಿಯಿತು, ಒಂದು ಕೆಳಗಿಳಿಯಿತು. ಮೂಟೆ ಹೊತ್ತಿದ್ದ ಗಾಡಿ ಪಕ್ಕಕ್ಕೆ ಮಗುಚಿತು. ಅವನಿಗೆ ಮೂವತ್ತೆಂಟು ವರ್ಷ.

ಅವನ ತಿಥಿಯ ದಿನ, ಶಿವಗಣಾರಾಧನೆಗೆ, ಸಂಘದ ಅಧ್ಯಕ್ಷರು ಮನೆಗೆ ಬಂದರು.

"ಅಳೇ ಗಾಡಿ ಮೇಡಮ್ಮೋರೆ, ಅದ್ರದ್ದೇ ತಪ್ಪು. ಒಸಾದು, ಎಲೆಕ್ಟ್ರಿಕ್ಕು ತರ್ಸನ. ತಮ್ಮನ ಎಸ್ರ ಅದ್ರ ಬೆನ್ನ ಮ್ಯಾಲೆ ಬರ್ಸನ."

"ಹೆಸರು ಬೇಡ. ಹೊಸ್ತಿಲು ತೆಗೆಸಿ" ಅಂದೆ.

ದೇವಸ್ಥಾನ ಕೆಡವಿ ಅಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಅದೆಲ್ಲ ಆಮ್ಯಾಕೆ ನೋಡನ ಬುಡಿ. ಗಾಡಿ ಆರ್ಸೋ ಕಮಿಟೀಲಿ ನೀವೂ ಇರಿ. ಲೆಕ್ಕ ಬಲ್ಲೋರು ಒಬ್ರು ಬೇಕು."

ಒಪ್ಪಿಕೊಂಡೆ. ಕಾರಣ ಒಂದೇ. ಹೊಸ ಗಾಡಿ ಬಂದರೆ ಅದನ್ನು ಓಡಿಸಬೇಕಾದವರು ಮೂಟೆ ಹೊರುವ ಹಮಾಲರ ಮೇಸ್ತ್ರಿ. ಅವತ್ತು ನನ್ನ ತಮ್ಮನನ್ನು ಗಾಡಿಯ ಕೆಳಗಿನಿಂದ ಎಳೆದವರು. ಅವರಿಗೆ ಇಬ್ಬರು ಹೆಣ್ಣು ಮಕ್ಕಳು. ಆ ಮೇಸ್ತ್ರಿಯೂ ಅದೇ ಕಲ್ಲು ಹತ್ತಿ ಇಳಿಯಬಾರದು.

೧. ಬಣ್ಣದ ಸಭೆ

ಮೊದಲ ಸಭೆಗೆ ನಾವು ನಾಲ್ವರು. ಅಧ್ಯಕ್ಷರು, ಒಬ್ಬ ನಿರ್ದೇಶಕರು, ಸಂಘದ ಕಾರ್ಯದರ್ಶಿ, ನಾನು. ನಿರ್ದೇಶಕರು ತಮ್ಮ ಜೀವನದಲ್ಲಿ ಏಳು ಟ್ರ್ಯಾಕ್ಟರು ಕೊಂಡವರು. ಆದ್ದರಿಂದ ಗಾಲಿ ಇರುವ ಯಾವುದರ ಬಗ್ಗೆಯೂ ಅವರ ಮಾತೇ ಕೊನೆಯ ಮಾತು. ನಾನು ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎಷ್ಟು ತೂಕ ಎತ್ತಬೇಕು, ಎಷ್ಟು ಎತ್ತರಕ್ಕೆ, ಓಣಿ ಎಷ್ಟು ಅಗಲ, ಇಳಿಜಾರು ಎಷ್ಟು, ಹೊಸ್ತಿಲು ಎಷ್ಟು.

"ಇರಿ ಮೇಡಮ್ಮೋರೆ" ಅಂದರು ಅಧ್ಯಕ್ಷರು. "ಮೊದ್ಲು ಬಣ್ಣ ಗೊತ್ತು ಮಾಡ್ಕಳನ."

ಅಧ್ಯಕ್ಷರಿಗೆ ಅರಿಶಿಣದ ಬಣ್ಣವೇ ಆಗಬೇಕು. ಅರಿಶಿಣದ ಸಂಘ ಅಲ್ಲವೇ? ನಿರ್ದೇಶಕರಿಗೆ ಕೆಂಪು. "ಅರಿಶಿಣದ ಗೋಡೌನ್ನಲ್ಲಿ ಅರಿಶಿಣದ ಗಾಡಿ ಬುಟ್ರೆ ಯಾವ್ದು ಮೂಟೆ, ಯಾವ್ದು ಗಾಡಿ ಅಂತ ಉಡುಕ್ತಾ ಕೂತ್ಕಬೇಕಾಯ್ತದೆ" ಅಂದರು. ಈ ಆರು ತಿಂಗಳಲ್ಲಿ ಅವರು ಆಡಿದ ಒಂದೇ ಒಂದು ಬುದ್ಧಿಯ ಮಾತು ಅದು, ಅದನ್ನು ಯಾರೂ ಕೇಳಲಿಲ್ಲ. ಕಾರ್ಯದರ್ಶಿ ಸಂಬಳದ ಮನುಷ್ಯ. "ಎರಡೂ ಚೆನ್ನಾಗದೆ" ಅಂದರು. ಒಂದು ಗಂಟೆ ಹತ್ತು ನಿಮಿಷ ಆಯಿತು. ಗಡಿಯಾರ ನನ್ನ ಎದುರಿಗೇ ಇತ್ತು.

ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವೇ ಏಳಿ. ನಿಮ್ಗೆ ಯಾವ ಬಣ್ಣ?"

"ಎಷ್ಟು ತೂಕ ಎತ್ತಬೇಕು ಅಂತ ಕೇಳಿದ್ದೆ."

ಮುಂದಿನ ಶನಿವಾರ ನಡಾವಳಿ ಪುಸ್ತಕ ತೆಗೆದು ನೋಡಿದೆ. ಕಾರ್ಯದರ್ಶಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಬಣ್ಣದ ವಿಷಯದಲ್ಲಿ ಮೇಡಂರವರು ತಟಸ್ಥರಾಗಿರುತ್ತಾರೆ."

೨. ಗಾಡಿ ನೋಡುವ ಶಾಸ್ತ್ರ

ಚಾಮರಾಜನಗರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟು ಓಡುತ್ತಿದೆ ಅಂತ ಗೊತ್ತಾಯಿತು. ನೋಡಿಕೊಂಡು ಬರೋಣ ಅಂದೆ. ಒಂದು ಶನಿವಾರ ಅವರು ಗುಂಡ್ಲುಪೇಟೆಯಿಂದ ಕಾರು ಮಾಡಿಕೊಂಡು ಬಂದರು. ಬಾಗಿಲು ತೆಗೆದು ಒಬ್ಬೊಬ್ಬರಾಗಿ ಇಳಿದವರು ಏಳು ಜನ. ಅಧ್ಯಕ್ಷರ ಭಾವಮೈದುನರೂ ಇದ್ದರು. ಅಧ್ಯಕ್ಷರು ಗರಿಗರಿ ಬಿಳಿ ಪಂಚೆ, ಶಲ್ಯದಲ್ಲಿದ್ದರು. ಡಿಕ್ಕಿಯಲ್ಲಿ ಒಂದು ಬುಟ್ಟಿ ಬಾಳೆಹಣ್ಣು.

"ಇದ್ಯಾಕೆ?" ಅಂದೆ.

"ಬರಿಗೈಲಿ ಓಗಾದಾ?"

ಮ್ಯಾನೇಜರು ಪಾಪ, ಹಣ್ಣು ತೆಗೆದುಕೊಂಡು ಎಲ್ಲರಿಗೂ ಕಾಫಿ ತರಿಸಿದರು. ಗಾಡಿಯನ್ನು ಒರೆಸಿ ನಿಲ್ಲಿಸಿದ್ದರು. ಅಧ್ಯಕ್ಷರು ಸುತ್ತ ಒಂದು ಸುತ್ತು ಬಂದು ಶುರು ಮಾಡಿದರು.

"ಎಷ್ಟು ವರ್ಸ?"

"ನಾಲ್ಕು ಸಾರ್."

"ಇದ್ಕೆ ಮುಂಚೆ ಬ್ಯಾರೆ ಯಾರ್ ತಾವಾದ್ರೂ ಇತ್ತಾ?"

"ಇಲ್ಲ ಸಾರ್, ಮೊದಲಿಂದ ಇಲ್ಲೇ."

"ಸ್ವಭಾವ ಎಂಗೆ?"

ಮ್ಯಾನೇಜರು ಸ್ವಲ್ಪ ಯೋಚಿಸಿದರು. "ಬ್ಯಾಟರಿ ಸರಿಯಾಗಿ ನೋಡ್ಕೊಂಡ್ರೆ ಏನೂ ತೊಂದ್ರೆ ಕೊಡಲ್ಲ ಸಾರ್."

"ಅದು ಎಲ್ಲಾರ್ಗೂ ಅಷ್ಟೇ ಬುಡಿ" ಅಂದರು ಭಾವಮೈದುನರು.

ನಾನು ಗಾಡಿಯ ಮೇಲಿದ್ದ ಲೋಹದ ಫಲಕ ಓದುತ್ತಿದ್ದೆ. ಮೂರು ಮೀಟರ್ ಎತ್ತರಕ್ಕೆ ಒಂದೂವರೆ ಟನ್ನು, ಅದಕ್ಕಿಂತ ಮೇಲೆ ಹೋದರೆ ಅದಕ್ಕಿಂತ ಕಡಿಮೆ ಅಂತ ಅದರಲ್ಲಿ ಕೊರೆದಿತ್ತು. ಅಧ್ಯಕ್ಷರನ್ನು ಕರೆದು ತೋರಿಸಿದೆ. ಅವರಿಗೆ ನಗು ಬಂತು.

"ಒಂದೂವರೆ ಟನ್ ಅಂದ್ರೆ ಒಂದೂವರೆ ಟನ್ನು. ಮ್ಯಾಲಕ್ಕೆ ಓದ್ರೆ ಕಮ್ಮಿ ಆಯ್ತದಾ? ನಾ ಮಾಳಿಗೆ ಅತ್ತಿದ್ರೆ ನನ್ನ ತೂಕ ಕಮ್ಮಿ ಆಯ್ತದಾ?"

ಎಂಟನೇ ತರಗತಿಗೆ ಹೇಳಿಕೊಡುವ ಹಾಗೇ ಹೇಳಿಕೊಡೋಣ ಅಂತ ಅಲ್ಲಿದ್ದ ಐದು ಲೀಟರಿನ ನೀರಿನ ಕ್ಯಾನನ್ನು ಅವರ ಕೈಗೆ ಕೊಟ್ಟೆ. "ಎದೆ ಹತ್ತಿರ ಹಿಡಿಯಿರಿ. ಭಾರ ಇದೆಯಾ?"

"ಇಲ್ಲ."

"ಈಗ ಕೈ ಪೂರಾ ಮುಂದೆ ಚಾಚಿ, ತಲೆಗಿಂತ ಮೇಲೆ ಹಿಡಿಯಿರಿ."

ಅರ್ಧ ನಿಮಿಷಕ್ಕೆ ಕೈ ನಡುಗಿತು. ಮುಂದಕ್ಕೆ ಒಂದು ಹೆಜ್ಜೆ ಮುಗ್ಗರಿಸಿದರು. ಮುಚ್ಚಳ ಸಡಿಲವಿತ್ತು, ಶಲ್ಯ ನೆನೆಯಿತು. "ಈಗ ಗೊತ್ತಾಯ್ತಾ?" ಅಂದೆ.

"ಗೊತ್ತಾಯ್ತು. ಮನುಸಂಗೆ ಕೈ ನೋಯ್ತದೆ. ಗಾಡಿಗೆ ನೋಯಾಕಿಲ್ವಲ್ಲ."

ಆ ಫ್ಯಾಕ್ಟರಿಯ ಡ್ರೈವರು ತಾಳವಾಡಿ ಕಡೆಯವರು, ವಯಸ್ಸಾದವರು, ಅಷ್ಟು ಹೊತ್ತೂ ಸುಮ್ಮನೆ ನಿಂತು ನೋಡುತ್ತಿದ್ದರು. ಹೊರಡುವಾಗ ನನ್ನನ್ನು ಮೆಲ್ಲಗೆ ಕೇಳಿದರು. "ಏನಮ್ಮಾ, ಇವ್ರಲ್ಲಿ ಓಡ್ಸೋರು ಯಾರು?"

"ಯಾರೂ ಇಲ್ಲ."

"ಓಡ್ಸೋರು ಎಲ್ಲಿ?"

"ಗೋಡೌನಲ್ಲಿ ಮೂಟೆ ಹೊರ್ತಿದಾರೆ. ಕಾರಲ್ಲಿ ಜಾಗ ಇರಲಿಲ್ಲವಂತೆ."

ಬಾಳೆಹಣ್ಣಿನ ಬುಟ್ಟಿಗೆ ಇತ್ತು.

೩. ಸದ್ದಿಲ್ಲದ ಪ್ರಾಣಿ

ಅದಾದ ಮೇಲೆ ಮೈಸೂರಿನಿಂದ ಒಬ್ಬ ಸೇಲ್ಸ್‌ಮನ್ ಲಾರಿಯಲ್ಲಿ ಗಾಡಿ ಹೇರಿಕೊಂಡು ಗೋಡೌನಿನ ಅಂಗಳಕ್ಕೇ ಬಂದ. ಟೈ ಕಟ್ಟಿದ್ದ. ಈ ಸಲ ಮೇಸ್ತ್ರಿ ಓಡಿಸಿ ನೋಡಲಿ ಅಂತ ನಾನು ಹೇಳಿದ್ದೆ. ಆದರೆ ಅವರಿಗಿಂತ ಮುಂಚೆ ಏಳು ಟ್ರ್ಯಾಕ್ಟರಿನ ನಿರ್ದೇಶಕರು ಹತ್ತಿ ಕೂತಾಗಿತ್ತು. ಮೇಸ್ತ್ರಿ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ನಿಂತರು.

ನಿರ್ದೇಶಕರು ಕೀಲಿ ತಿರುಗಿಸಿದರು. ಸದ್ದಿಲ್ಲ. ಮತ್ತೆ ತಿರುಗಿಸಿದರು.

"ಸ್ಟಾರ್ಟೇ ಆಗ್ನಿಲ್ವಲ್ಲಪ್ಪ."

"ಆಗಿದೆ ಸರ್."

"ಎಲ್ಲಿ ಆಗದೆ? ಗುಡ್ ಅಂತಾನೂ ಇಲ್ಲ, ಒಗೆನೂ ಇಲ್ಲ. ಬ್ಯಾಟ್ರಿ ಎತ್ತೋಗದೆ." ಬಗ್ಗಿ ಕಿವಿಯನ್ನು ಸ್ಟೇರಿಂಗಿಗೆ ಹಚ್ಚಿದರು.

"ಸರ್, ದಯವಿಟ್ಟು ಆ ಪೆಡಲ್ ಮೇಲೆ ಕಾಲು..."

ಹಳೇ ಟ್ರ್ಯಾಕ್ಟರಿಗೆ ಒದೆಯುವ ಹಾಗೆ ಒದ್ದರು. ಗಾಡಿ ಒಂದು ಉಸಿರೂ ಬಿಡದೆ ಹಿಂದಕ್ಕೆ ಹಾರಿತು. ಹಿಂದೆ ಅಧ್ಯಕ್ಷರ ಪ್ಲಾಸ್ಟಿಕ್ ಕುರ್ಚಿಯಿತ್ತು. ಅಧ್ಯಕ್ಷರು ಆಗಷ್ಟೇ ಎಲೆ ಅಡಿಕೆ ಉಗುಳಲು ಎದ್ದು ಹೋಗಿದ್ದರು. ತಿರುಗಿ ಬಂದು ನೋಡಿದರೆ ಕುರ್ಚಿ ಚಪಾತಿಯಾಗಿತ್ತು. ನಿರ್ದೇಶಕರಿಗೆ ಏನೂ ಗೊತ್ತಿಲ್ಲ. ಇನ್ನೂ ಮುಂದೆ ನೋಡಿಕೊಂಡೇ ಹೇಳುತ್ತಿದ್ದರು: "ನೋಡ್ದಾ? ನಾ ಏಳ್ನಿಲ್ವಾ? ಜಪ್ಪಯ್ಯ ಅಂದ್ರೂ ಅಳ್ಳಾಡಾಕಿಲ್ಲ ಇದು."

ಅಧ್ಯಕ್ಷರ ಜಮೀನು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ, ಹುಲಿ ಇರುವ ಕಾಡಿನ ಅಂಚಿಗೆ. ಅವರು ಕುರ್ಚಿಯನ್ನು ನೋಡಿದರು, ಗಾಡಿಯನ್ನು ನೋಡಿದರು. ಸೇಲ್ಸ್‌ಮನ್ನನ್ನು ಹತ್ತಿರ ಕರೆದರು. "ನೋಡಪ್ಪ, ಸದ್ದಿಲ್ದಂಗೆ ಇಂದ್ಲಿಂದ ಬರೋದು ನಮ್ ಕಡೆ ಒಂದೇ ಪ್ರಾಣಿ. ಅದು ಕಾಡಲ್ಲಿರ್ಲಿ. ಇದ್ಕೆ ಏನಾರ ಸದ್ದು ಕಟ್ಟು."

ಹಿಂದಕ್ಕೆ ಬರುವಾಗ ಕುಂಯ್ ಕುಂಯ್ ಅನ್ನುವ ಹಾರ್ನ್ ಇದೆ, ನೆಲದ ಮೇಲೆ ನೀಲಿ ಬೆಳಕು ಬೀಳುತ್ತದೆ, ಎರಡನ್ನೂ ಹಾಕಿ ಕೊಡುತ್ತೇನೆ ಅಂದ. ಕೇಳಿಸಿದ. ಅಧ್ಯಕ್ಷರು ಮುಖ ಹಿಂಡಿದರು. "ನಾಯಿಮರಿ ಅತ್ತಂಗೆ ಐತೆ. ಒಂದು ಮಂತ್ರ ಗಿಂತ್ರ ಬರಂಗೆ ಮಾಡಾಕಾಯ್ತದಾ?" ಅವನು ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡ.

ನಾನು ಕೇಳಿದೆ: "ಪೂರ್ತಿ ಭಾರ ಹೊತ್ತಾಗ ಬ್ರೇಕು ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ?"

ಅವನು ಚೀಲದಲ್ಲಿ ಹುಡುಕಿದ. ಕಾಗದಗಳನ್ನೆಲ್ಲ ಹೊರಗೆ ತೆಗೆದು ಹುಡುಕಿದ. "ಮೇಡಂ, ಬೇಜಾರು ಮಾಡ್ಕೋಬೇಡಿ. ಬ್ರೇಕಿನ ಕಾಗದ ತಂದಿಲ್ಲ. ಇವರು ಫೋನಲ್ಲಿ ಕೇಳಿದ್ದು ಬಣ್ಣದ ಕಾಗದ ಮಾತ್ರ."

೪. ಎತ್ತೋದು ಎತ್ತೋದೇ

ಚಾರ್ಜ್ ಮಾಡಲು ಗೋಡೌನಿಗೆ ಸರಿಯಾದ ಕರೆಂಟು ಬೇಕು, ಅದಕ್ಕೆ ವಿದ್ಯುತ್ ಕಚೇರಿಗೆ ಅರ್ಜಿ ಹಾಕಬೇಕು ಅಂದೆ. ನಿರ್ದೇಶಕರು ಕೈ ಅಡ್ಡ ಹಿಡಿದರು. ಅವರಿಗೆ ಒಂದು ಉಪಾಯ ಹೊಳೆದಿತ್ತು. ಗೋಡೌನಿನ ಪಕ್ಕದಲ್ಲೇ ಅವರ ತೋಟ. ತೋಟದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅಲ್ಲಿಂದಲೇ ಒಂದು ವಯರು ಎಳೆದರೆ ಆಯಿತಲ್ಲ?

"ಅದು ತಪ್ಪು" ಅಂದೆ.

"ಎಂಗೆ ತಪ್ಪು? ಪಂಪ್‌ಸೆಟ್ಟು ನೀರೆತ್ತುತದೆ, ಇದು ಮೂಟೆ ಎತ್ತುತದೆ. ಎತ್ತೋದು ಎತ್ತೋದೇ."

ನನ್ನ ಮಾತು ನಂಬದೆ, ಕಾರ್ಯದರ್ಶಿಯನ್ನೂ ನನ್ನನ್ನೂ ಕರೆದುಕೊಂಡು ವಿದ್ಯುತ್ ಕಚೇರಿಗೇ ಹೋದರು. ಅಲ್ಲಿದ್ದ ಎಂಜಿನಿಯರಿಗೂ ಇದನ್ನೇ ಹೇಳಿದರು. ಆ ಮನುಷ್ಯ ತಣ್ಣಗೆ ಕೇಳಿಸಿಕೊಂಡರು. ಕನ್ನಡಕ ತೆಗೆದರು.

"ಆಯ್ತು ಯಜಮಾನ್ರೆ. ನಾನು ಸ್ಥಳ ತನಿಖೆಗೆ ಬರ್ತೀನಿ. ನಾ ಬಂದಾಗ ಗಾಡಿ ನಿಮ್ಮ ಬಾವಿ ಒಳಗೆ ಇರಬೇಕು."

೫. ನವರತ್ನದ ವಿಷಯ

ಹೊಸ್ತಿಲಿನ ವಿಷಯವನ್ನು ನಾನು ಮೂರು ಸಭೆಯಲ್ಲಿ ಬರೆದುಕೊಟ್ಟೆ. ಮೂರು ಸಲವೂ ಕಾರ್ಯದರ್ಶಿ ಅದನ್ನು ಕೊನೆಯಲ್ಲಿ, "ಇತರೆ ವಿಷಯಗಳು" ಅನ್ನುವುದರ ಕೆಳಗೆ ಹಾಕಿದರು. ನಮ್ಮ ಸಂಘದ ಪದ್ಧತಿ ಏನೆಂದರೆ, ವಡೆ ಬಂದ ಕೂಡಲೇ ಸಭೆ ಮುಗಿಯುತ್ತದೆ. ಮೂರು ಸಲವೂ ಇತರೆ ವಿಷಯಗಳಿಗಿಂತ ಮೊದಲು ವಡೆ ಬಂತು.

ನಾಲ್ಕನೆಯ ಸಲ ನಾನು ಒಂದು ಗಂಟೆ ಮುಂಚೆ ಹೋದೆ. ಹಳೆಯ ಫೈಲು ಕೇಳಿ ಇಸಿದುಕೊಂಡೆ. ಅದರಲ್ಲಿ ನನ್ನ ತಮ್ಮ ಕೊಟ್ಟ ಎರಡು ಅರ್ಜಿ ಇದ್ದವು. ಅವನಿಗೆ ಅಕ್ಷರ ಕಲಿಸಿದವಳು ನಾನು. ಅವನ ಕೈಬರಹ ನನಗೆ ಗೊತ್ತು. "ಹೊಸ್ತಿಲು ಅಡ್ಡ ಇರುವುದರಿಂದ ಲೋಡು ಓಲಾಡುತ್ತದೆ. ದಯವಿಟ್ಟು ತೆಗೆಸಿಕೊಡಬೇಕು." ಎರಡರಲ್ಲೂ ಅದೇ ಎರಡು ಸಾಲು. ಎರಡನೆಯದರ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: ವಡೆ ಇಪ್ಪತ್ತು, ಕಾಫಿ ಹತ್ತು.

ಸಭೆ ಶುರುವಾಗುತ್ತಲೇ ಎದ್ದು ನಿಂತು ಎರಡನ್ನೂ ಓದಿದೆ. ಹಿಂಬದಿಯನ್ನೂ ಓದಿದೆ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಮೇಡಮ್ಮೋರೆ, ಅದು ನಮ್ಮಪ್ಪ ಮಡಗಿದ ವಸ್ಲು. ಕೆಳ್ಗೆ ನವರತ್ನ ಆಕ್ಸವ್ರೆ. ಶುಕ್ರವಾರ ಶುಕ್ರವಾರ ಅರಿಶಿಣ ಕುಂಕುಮ ಇಡ್ತೀವಿ. ಅದ ಕಿತ್ರೆ ಲಕ್ಷ್ಮಿ ಎದ್ದು ಓಯ್ತಾಳೆ."

"ನನ್ನ ತಮ್ಮ ಹೋದ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು, ವಡೆ ಬರುತ್ತದೇನೋ ಅಂತ.

"ಅಲಗೆ ಜಾರಿದ್ದು ಕಣಮ್ಮ ಅದು" ಅಂದರು ಕೊನೆಗೆ, ಬಹಳ ಮೆತ್ತಗೆ. "ಈ ದಪ ಒಳ್ಳೇ ಅಲಗೆ ಮಾಡ್ಸನ. ತ್ಯಾಗದ್ದು."

ತೇಗದ ಹಲಗೆ. ನನಗೆ ಅವತ್ತು ಬಂದ ಕೋಪ ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದು ವರದಿ ಬರೆದೆ. ನಾವು ನೋಡಿದ್ದು ಮೂರು ಗಾಡಿ: ಫ್ಯಾಕ್ಟರಿಯದು, ಸೇಲ್ಸ್‌ಮನ್ ತಂದದ್ದು, ಆಮೇಲೆ ಅವನೇ ತಂದು ತೋರಿಸಿದ ಇನ್ನೊಂದು. ಮೊದಲೆರಡರ ಹೊಟ್ಟೆ ನೆಲದಿಂದ ಎತ್ತರ, ಗುದ್ದಾಡಿಕೊಂಡಾದರೂ ಹೊಸ್ತಿಲು ಹತ್ತುತ್ತವೆ. ಮೂರನೆಯದು ಎಲ್ಲದರಲ್ಲೂ ಒಳ್ಳೆಯದು. ಚಿಕ್ಕ ಓಣಿಯಲ್ಲಿ ತಿರುಗುತ್ತದೆ, ಬ್ರೇಕು ಚೆನ್ನಾಗಿದೆ, ಎತ್ತರದಲ್ಲಿ ನಮ್ಮ ಮೂಟೆಗಳ ತೂಕ ತಡೆಯುತ್ತದೆ. ಆದರೆ ಅದರ ಹೊಟ್ಟೆ ನೆಲದಿಂದ ಎಂಟೂವರೆ ಸೆಂಟಿಮೀಟರು. ಹೊಸ್ತಿಲು ಹನ್ನೊಂದು. ನಾಲ್ಕನೇ ಪುಟದಲ್ಲಿ ಬರೆದೆ: "ಹೊಸ್ತಿಲು ಇರುವ ತನಕ ಈ ಗಾಡಿ ಗೋಡೌನಿನ ಒಳಗೆ ಹೋಗದು. ಹಲಗೆ ಇಡಕೂಡದು." ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ನಾನು ಯಾರಿಗೂ ಮೋಸ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಅವರು ಓದುವುದಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತಿತ್ತು.

ಅಧ್ಯಕ್ಷರು ವರದಿ ತೆರೆದರು. ಮೂರನೆಯ ಗಾಡಿಯ ಚಿತ್ರದ ಹತ್ತಿರ ಕಣ್ಣು ಅರಳಿತು. "ಅರಿಶಿಣದ ಬಣ್ಣ! ಇದೇ ಆಗ್ಲಿ." ನಿರ್ದೇಶಕರು ಗೊಣಗಿದರು. ವಡೆ ಬಂತು. ಮೂವರೂ ಪುಟ ಪುಟಕ್ಕೆ ಸಹಿ ಹಾಕುತ್ತ ಹೋದರು. ನಾಲ್ಕನೇ ಪುಟದಲ್ಲಿ ಅಧ್ಯಕ್ಷರ ಸಹಿ ನನ್ನ ಕೆಂಪು ಗೆರೆಯ ಮೇಲೇ ಬಿತ್ತು. ಪಕ್ಕದಲ್ಲಿ ಎಣ್ಣೆಯ ಹೆಬ್ಬೆಟ್ಟೂ ಬಿತ್ತು.

೬. ರಾಹುಕಾಲಕ್ಕೆ ಮುಂಚೆ

ಗಾಡಿ ಬಂದದ್ದು ಒಂದು ಶುಕ್ರವಾರ. ನಾನು ರಜೆ ಹಾಕಿ ಹೋದೆ. ಚೀಲದಲ್ಲಿ ವರದಿ, ತಮ್ಮನ ಎರಡು ಅರ್ಜಿ, ಒಂದು ಅಳತೆ ಟೇಪು.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದರೊಳಗೆ ಪೂಜೆ ಮುಗಿದು ಗಾಡಿ ಒಳಗೆ ಹೋಗಬೇಕು ಅಂತ ಅಧ್ಯಕ್ಷರೇ ಮುಹೂರ್ತ ಇಡಿಸಿದ್ದರು. ಅಯ್ನೋರು ಮೊಪೆಡ್ಡಿನಲ್ಲಿ ಬಂದರು. ಅವರಿಗೆ ಹನ್ನೊಂದಕ್ಕೆ ತೆರಕಣಾಂಬಿಯಲ್ಲಿ ಒಂದು ಶಿವಗಣಾರಾಧನೆ. ಗಾಡಿಗೆ ವಿಭೂತಿ ಬಳಿದರು, ಹೂವಿನ ಹಾರ ಹಾಕಿದರು, ಕುಂಬಳಕಾಯಿ ಒಡೆದರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಮೇಸ್ತ್ರಿ ಹೊಸ ಅಂಗಿ ಹಾಕಿಕೊಂಡು ಸೀಟಿನಲ್ಲಿ ಕೂತರು. ಗಾಡಿ ಸದ್ದಿಲ್ಲದೆ ಮುಂದೆ ಹೊರಟಿತು. ನಿಂಬೆಹಣ್ಣು ಪಟಪಟ ಒಡೆದವು. ಎ​ಲ್ಲರೂ ಚಪ್ಪಾಳೆ ಹೊಡೆದರು.

ಟಣ್ ಅಂತು.

ಮುಂದಿನ ಎರಡು ಚಕ್ರ ಹೊಸ್ತಿಲಿಗೆ ಹತ್ತಿದ್ದವು ಅಷ್ಟೇ, ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ನಿಂತಿತು. ಹತ್ತು ಗಂಟೆ ಎಂಟು ನಿಮಿಷ. ಮೇಸ್ತ್ರಿ ಮೆಲ್ಲಗೆ ಹಿಂದಕ್ಕೆ ತೆಗೆದರು.

"ಏನಾಯ್ತ್ಲಾ?" ಅಂದರು ಅಧ್ಯಕ್ಷರು.

ನಾನು ನಾಲ್ಕನೇ ಪುಟ ತೆಗೆದು ಅವರ ಮುಂದೆ ಹಿಡಿದೆ. ಅವರು ಓದಿದರು. ಆರು ತಿಂಗಳಲ್ಲಿ ಮೊದಲ ಸಲ.

"ಇದು ನನ್ ಸಯಿನೇಯಾ."

"ಹೌದು."

"ಎಣ್ಣೆನೂ ನಂದೇಯಾ."

"ಹೌದು."

ಅವರು ಕಾಗದ ವಾಪಸ್ಸು ಕೊಟ್ಟು ಕೂಗಿದರು: "ಅಲಗೆ ತತ್ತನ್ರೋ!"

ಇಬ್ಬರು ಹಮಾಲರು ಹಲಗೆ ಹೊತ್ತು ತಂದರು. ತೇಗದ್ದೇ. ಪಾಲಿಷ್ ಹಾಕಿಸಿದ್ದರು. ಅದಕ್ಕೂ ಕುಂಕುಮ ಇಟ್ಟಿದ್ದರು. ಮಾತಾಡಬೇಕು ಅಂತ ಬಾಯಿ ತೆರೆದೆ. ನನಗಿಂತ ಮೊದಲು ಮೇಸ್ತ್ರಿ ಕೀಲಿ ತಿರುಗಿಸಿ ತೆಗೆದರು. ಸೀಟಿನಿಂದ ಇಳಿದರು. ಪೂಜೆಯ ತಟ್ಟೆಯಲ್ಲಿ, ವೀಳ್ಯದೆಲೆಯ ಮೇಲೆ, ಕೀಲಿ ಇಟ್ಟರು.

"ಅಲಗೆ ಮ್ಯಾಲೆ ನಾ ಅತ್ಸಾಕಿಲ್ಲ ಯಜಮಾನ್ರೆ."

"ಯಾಕ್ಲಾ?"

"ಅವತ್ತು ಅವ್ನ ಎಳ್ದೋನು ನಾನು. ನನ್ನ ಎಳ್ಯಾಕೆ ನೀವು ಬತ್ತೀರಾ?"

ಅಂಗಳದಲ್ಲಿ ಐವತ್ತು ಜನ ಇದ್ದರು. ಮೇಸ್ತ್ರಿ ತಟ್ಟೆಯನ್ನು ಮುಂದೆ ತಳ್ಳಿದರು. "ಯಾರ್ಗಾರ ಧೈರ್ಯ ಇದ್ರೆ ತಕ್ಕಳಿ."

ಅಧ್ಯಕ್ಷರು ನಿರ್ದೇಶಕರ ಕಡೆ ನೋಡಿದರು. ಏಳು ಟ್ರ್ಯಾಕ್ಟರಿನ ನಿರ್ದೇಶಕರು ಕೀಲಿಯ ಕಡೆ ನೋಡಿದರು, ಹಲಗೆಯ ಕಡೆ ನೋಡಿದರು. "ನಂಗೆ ಮಂಡಿ ನೋವು" ಅಂದರು.

ಹತ್ತು ಹದಿನೇಳು. ಅಯ್ನೋರು ಗಡಿಯಾರ ನೋಡಿಕೊಂಡರು. "ರಾವುಕಾಲಕ್ಕೆ ಮುಂಚೆ ಒಳಕ್ಕೆ ಓಗ್ನಿಲ್ಲ ಅಂದ್ರೆ ಈ ಪೂಜೆ ಎಲ್ಲ ದಂಡ."

"ಮತ್ತೆ ವಸ್ಲು ಕೀಳಬೌದಾ ಬುದ್ದಿ?" ಅಂದರು ಅಧ್ಯಕ್ಷರು, ಅಳುವ ದನಿಯಲ್ಲಿ.

"ಕೀಳಬಾರ್ದು."

"ಮತ್ತೆ ಏನ್ ಮಾಡದು?"

ಅಯ್ನೋರು ಮತ್ತೆ ಗಡಿಯಾರ ನೋಡಿದರು. ಮೊಪೆಡ್ಡಿನ ಕಡೆ ನೋಡಿದರು. "ಮನುಸರ ಕೈಯಲ್ಲಿ ಕೀಳಬಾರ್ದು. ಈ ಗಾಡಿಗೆ ಈಗ ತಾನೆ ಪೂಜೆ ಆಗದೆ. ಇದೇ ಎತ್ತಿ ಪಕ್ಕಕ್ಕೆ ಮಡಗುದ್ರೆ ಕಿತ್ತಂಗಲ್ಲ. ಅದು ಸ್ಥಾನಪಲ್ಲಟ."

ನನ್ನ ತಮ್ಮನ ಎರಡು ಅರ್ಜಿ, ನನ್ನ ನಾಲ್ಕು ಸಭೆ, ಆರು ತಿಂಗಳ ಶನಿವಾರ. ತೆರಕಣಾಂಬಿಗೆ ಹೊತ್ತಾಗುತ್ತದೆ ಅಂದಾಗ ಒಂದು ನಿಮಿಷದಲ್ಲಿ ಆಯಿತು.

ಹಮಾಲರು ಹಾರೆ ತಂದು ಅಂಚಿನ ಗಾರೆ ಬಿಡಿಸಿದರು. ಅದು ಮನುಷ್ಯರ ಕೈಯಲ್ಲವೇ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೇಸ್ತ್ರಿ ತಟ್ಟೆಯಿಂದ ಕೀಲಿ ತೆಗೆದುಕೊಂಡರು. ಗಾಡಿಯ ಮೂಟೆ ಎತ್ತುವ ಎರಡು ಕೊಂಬು ಕಲ್ಲಿನ ಕೆಳಗೆ ಹೋದವು. ಒಂದು ಚೂರೂ ಸದ್ದಿಲ್ಲದೆ ಹೊಸ್ತಿಲು ಮೇಲೆದ್ದಿತು. ನಮ್ಮ ಹೊಸ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟು ಎತ್ತಿದ ಮೊದಲ ಭಾರ ಅದು.

ಮೇಸ್ತ್ರಿ ಅದನ್ನು ಒಯ್ದು ಬೇವಿನ ಮರದ ಕೆಳಗೆ ಇಳಿಸುವ ಮೊದಲೇ ಜನ ಗುಂಡಿಯ ಸುತ್ತ ಮುತ್ತಿಕೊಂಡರು. ನವರತ್ನ! ಅಧ್ಯಕ್ಷರು ಗರಿಗರಿ ಪಂಚೆಯಲ್ಲೇ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ತೋಡಿದರು. ನಿರ್ದೇಶಕರು ಮಂಡಿ ನೋವನ್ನು ಮರೆತು ಪಕ್ಕದಲ್ಲೇ ಕೂತರು. ಕೈಗೆ ಏನೋ ತಗುಲಿತು. "ಸಿಕ್ತು, ಸಿಕ್ತು!" ಅಂತ ಎಳೆದರು.

ಗಾರೆ ಕೆಲಸದವರು ಸಿಮೆಂಟು ಬಳಿಯುವ ಕರಣೆ. ತುಕ್ಕು ಹಿಡಿದು ಕೆಂಪಾಗಿತ್ತು. ಹಿಡಿಯನ್ನು ಗೆದ್ದಲು ತಿಂದಿತ್ತು. ಬೆರಳಲ್ಲಿ ಜರಡಿ ಹಿಡಿದ ಹಾಗೆ ಮಣ್ಣು ಸೋಸಿದರು. ಬೇರೆ ಏನೂ ಇರಲಿಲ್ಲ.

ಹಮಾಲರಲ್ಲಿ ಹಿರಿಯರೊಬ್ಬರು ಬಗ್ಗಿ ನೋಡಿ ಹೇಳಿದರು: "ಗಾರೆಯವ್ನು ಮರ್ತ್ಬುಟ್ಟು ಓಗವ್ನೆ."

ನಾನು ನಕ್ಕೆ. ಶ್ರಾವಣ ಕಳೆದ ಮೇಲೆ ಮೊದಲ ಸಲ, ಜೋರಾಗಿ. ಅವನು ಇದ್ದಿದ್ದರೆ ಗಾಡಿಯಿಂದ ಇಳಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅಂತ ನೆನಪಾಯಿತು. ಅಲ್ಲಿಗೆ ನಗು ನಿಂತಿತು.

ಹತ್ತು ಇಪ್ಪತ್ತೊಂಬತ್ತಕ್ಕೆ ಗಾಡಿ ಒಳಗೆ ಹೋಯಿತು. ನೀಲಿ ಬೆಳಕು ಅದರ ಮುಂದೆ ಮುಂದೆ ನೆಲದ ಮೇಲೆ ಹೋಯಿತು.

ಮುಂದಿನ ಶನಿವಾರ ಮತ್ತೆ ಹೋದೆ. ಗುಂಡಿ ಮುಚ್ಚಿ ನೆಲ ಮಟ್ಟ ಮಾಡಿದ್ದರು. ಶಾಲೆಯಿಂದ ಒಂದು ಗೋಲಿ ತಂದಿದ್ದೆ. ಬಾಗಿಲಿನ ನಡುವೆ, ಎಡಕ್ಕೆ, ಬಲಕ್ಕೆ, ಮೂರು ಕಡೆ ಇಟ್ಟು ನೋಡಿದೆ. ಎಲ್ಲೂ ಉರುಳಲಿಲ್ಲ. ಹೊಸ್ತಿಲು ಬೇವಿನ ಮರದ ಕೆಳಗಿದೆ. ಹಮಾಲರು ಅದರ ಮೇಲೆ ಕೂತು ಬುತ್ತಿ ಉಣ್ಣುತ್ತಾರೆ. ಮೇಸ್ತ್ರಿ ಅರ್ಧ ರೊಟ್ಟಿ ಮುರಿದು ನನಗೂ ಕೊಟ್ಟರು. ಕೂತುಕೊಳ್ಳಿ ಅಂದರು. ಆ ಕಲ್ಲಿನ ಮೇಲೆ ನಾನು ಕೂರಲಿಲ್ಲ, ನಿಂತೇ ತಿಂದೆ.

ಆಫೀಸಿನೊಳಗೆ ಹೋದರೆ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿ, ಕೆಂಪು ರೇಷ್ಮೆ ಬಟ್ಟೆ ಸುತ್ತಿದ ಕರಣೆ. ಅರಿಶಿಣ, ಕುಂಕುಮ, ಒಂದು ಸೇವಂತಿಗೆ ಹೂವು.

"ಇದೇನು?" ಅಂದೆ.

ಕಾರ್ಯದರ್ಶಿ ದನಿ ತಗ್ಗಿಸಿದರು. "ನವರತ್ನನೇ ಮೇಡಂ. ಬಾಳಾ ವರ್ಸ ಆಗಿ ಈ ರೂಪಕ್ಕೆ ಬಂದವೆ ಅಂತ ಅಧ್ಯಕ್ಷರು ಏಳುದ್ರು. ಶುಕ್ರವಾರದ ಪೂಜೆ ಈಗ ಇದಕ್ಕೇ."

ಚೀಲದಿಂದ ಟೇಪು ತೆಗೆದು ಅಳೆದೆ. ನೆಲದಿಂದ ನೂರಾ ಎಂಬತ್ತು ಸೆಂಟಿಮೀಟರು ಎತ್ತರದಲ್ಲಿತ್ತು. ಅಲ್ಲಿ ಯಾರ ಗಾಡಿಯೂ ಹಾಯುವುದಿಲ್ಲ. ಮಾಡಿಕೊಳ್ಳಲಿ ಅಂತ ಬಿಟ್ಟೆ.